ಯಲಹಂಕದಲ್ಲಿ ನೀರು 97ಕ್ಕೇ ಕುದಿಯುತ್ತದೆ

ಭೂಮಿಯ ಮೇಲಿನ ಹವಾಮಾನ ಕೇಂದ್ರಗಳಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ ಮೈನಸ್ 89.2 ಡಿಗ್ರಿ ಸೆಲ್ಸಿಯಸ್. 1983ರ ಜುಲೈ 21ರಂದು ಅಂಟಾರ್ಕ್ಟಿಕಾದ ವೋಸ್ಟೋಕ್‌ನಲ್ಲಿ ದಾಖಲಾದದ್ದು. ಯಲಹಂಕ ಉಪನಗರದ ಅಡುಗೆಮನೆಯಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಯೊಳಗೆ ಇಳಿಬಿಟ್ಟ ಸೆನ್ಸರ್ ಅದನ್ನೂ ಮೀರಿಸಿ ಮೈನಸ್ 127 ತೋರಿಸಬಲ್ಲದು. ವೈರನ್ನು ಕೊಂಚ ಅಲ್ಲಾಡಿಸಿದರೆ ಅದೇ ಪರದೆಯಲ್ಲಿ 85 ಬರುತ್ತದೆ. ಇನ್ನೊಮ್ಮೆ ಅಲ್ಲಾಡಿಸಿದರೆ 26.4375. ಮೊದಲಿನ ಎರಡು ಸುಳ್ಳೆಂದು ಯಾರಿಗಾದರೂ ಗೊತ್ತಾಗುತ್ತದೆ. ಮೂರನೆಯದು ಮಾತ್ರ ನಾಲ್ಕು ದಶಾಂಶ ಸ್ಥಾನಗಳ ಗತ್ತಿನಲ್ಲಿ ಬಂದು ನಮ್ಮನ್ನು ನಂಬಿಸಿಬಿಡುತ್ತದೆ. ಈ ಅಧ್ಯಾಯದಲ್ಲಿ ಹೆಚ್ಚು ಹೊತ್ತು ಜಗಳವಾಡಬೇಕಿರುವುದು ಅದರ ಜೊತೆಗೇ.

ಯಂತ್ರದ ಪರಿಚಯ ಮೊದಲು ಆಗಲಿ. ಅಂಗೈಯಗಲದ ಒಂದು ಬೋರ್ಡು. ಒಂದು ಕಡೆ ಉದ್ದದ ವೈರಿನ ತುದಿಯಲ್ಲಿ ಉಷ್ಣತೆ ಅಳೆಯುವ ಸೆನ್ಸರ್, ಇನ್ನೊಂದು ಕಡೆ ಹೀಟರನ್ನೋ ಫ್ರಿಜ್ಜನ್ನೋ ಹಚ್ಚಿ ಆರಿಸುವ ರಿಲೇ. ಅಂದುಕೊಂಡ ಉಷ್ಣತೆಗಿಂತ ಕೆಳಗಿಳಿದರೆ ಹೀಟರ್ ಆನ್, ಮೇಲೆ ಹೋದರೆ ಫ್ರಿಜ್ ಆನ್. ಅಮೆರಿಕ, ಯುರೋಪುಗಳಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳುವ ಹವ್ಯಾಸಿಗಳು ಇಂಥ ಕಂಟ್ರೋಲರನ್ನು ಹಳೇ ಫ್ರಿಜ್ಜಿಗೆ ಸಿಕ್ಕಿಸಿ ಯೀಸ್ಟಿಗೆ ಹಿತವಾಗುವಂತೆ 18ರಿಂದ 20 ಡಿಗ್ರಿಯಲ್ಲಿ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆ ಮಟ್ಟಿಗೆ ಎಂದರೂ ಅಷ್ಟೇ. ಹೀಗಾಗಿ ಬಿಯರಿಗೆಂದು ಹುಟ್ಟಿದ ಕಂಟ್ರೋಲರು ಹೆಬ್ಬಾಳ, ಆರ್.ಟಿ. ನಗರದ ಮನೆಗಳಿಗೆ ಬಂದರೆ ಸಂಸಾರಸ್ಥನಾಗಬೇಕು. ಇಡ್ಲಿ ಹಿಟ್ಟು, ಮೊಸರು, ಕೊಂಬುಚಾ, ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ, ಇವೇ ಅದರ ಕೆಲಸ. ರೋಗ ಮಾತ್ರ ಎಲ್ಲ ಕಡೆ ಒಂದೇ, ಚಿಕಿತ್ಸೆಯೂ ಒಂದೇ.

ಇಡ್ಲಿ ಹಿಟ್ಟಿಗೆ ಕಂಟ್ರೋಲರ್ ಯಾಕೆ ಬೇಕು ಎಂದು ಮಂಗಳೂರಿನವರು ನಗಬಹುದು. ಅಲ್ಲಿ ಹಿಟ್ಟು ರುಬ್ಬಿಟ್ಟರೆ ಸಾಕು, ಉಳಿದದ್ದನ್ನು ಹವೆಯೇ ನೋಡಿಕೊಳ್ಳುತ್ತದೆ. ಬೆಂಗಳೂರಿನ ಡಿಸೆಂಬರು, ಜನವರಿ ಹಾಗಲ್ಲ. ನಗರದಲ್ಲಿ ಹವಾಮಾನ ಇಲಾಖೆ ದಾಖಲಿಸಿದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, 1884ರ ಜನವರಿ 13ರದ್ದು. ಅಷ್ಟು ಚಳಿ ಈಗಿಲ್ಲ. ಆದರೂ ಮೋಡವಿಲ್ಲದ ಚಳಿಗಾಲದ ರಾತ್ರಿಗಳಲ್ಲಿ ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಊರ ನಡುವಿಗಿಂತ ಹೆಚ್ಚು ತಣ್ಣಗಿರುತ್ತದೆ. ಕಾಂಕ್ರೀಟು ಕಡಿಮೆ, ಬಯಲು ಹೆಚ್ಚು, ಹಗಲಿನ ಕಾವು ಬೇಗ ಆಕಾಶಕ್ಕೆ ಹೊರಟುಹೋಗುತ್ತದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವಲ್ಲಿ ಮುಂದಾಳು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. 30 ಡಿಗ್ರಿಯ ಆಸುಪಾಸಿನಲ್ಲಿ ಅದು ರಾತ್ರಿ ಕಳೆಯುವಷ್ಟರಲ್ಲಿ ಕೆಲಸ ಮುಗಿಸುತ್ತದೆ. 18 ಡಿಗ್ರಿಯಲ್ಲಿ ಬೆಳಗಿನ ತಿಂಡಿಗೆ ಅವಲಕ್ಕಿಯೇ ಗತಿ.

ಈಗ ಆ ಮೈನಸ್ 127ಕ್ಕೆ ಬರೋಣ. ಇಂಥ ಕಂಟ್ರೋಲರುಗಳಲ್ಲಿ ತುಂಬ ಬಳಕೆಯಲ್ಲಿರುವುದು ಡಿಎಸ್18ಬಿ20 ಎಂಬ ಸೆನ್ಸರ್. ಡಲ್ಲಾಸ್ ಸೆಮಿಕಂಡಕ್ಟರ್ ಕಂಪನಿ ರೂಪಿಸಿದ್ದು. ಸ್ಟೀಲಿನ ಕಿರು ಕೊಳವೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ಚಿಪ್ಪು, ಅದರಿಂದ ಹೊರಬರುವ ಮೂರು ವೈರು. ಸಾಮಾನ್ಯವಾಗಿ ಕೆಂಪು ವಿದ್ಯುತ್ತಿಗೆ, ಕಪ್ಪು ಗ್ರೌಂಡಿಗೆ, ಹಳದಿ ಮಾತುಕತೆಗೆ. ಚಿಪ್ಪು ತಾನೇ ಉಷ್ಣತೆ ಅಳೆದು, ಅಂಕಿಯಾಗಿಸಿ, ಹಳದಿ ವೈರಿನಲ್ಲಿ ಕಳಿಸುತ್ತದೆ. ಬೋರ್ಡು ಕರೆದಾಗ ಅದು ಓಗೊಡಲೇ ಇಲ್ಲ ಎನ್ನಿ. ಆಗ ಬೋರ್ಡಿನ ಪ್ರೋಗ್ರಾಮು ಪರದೆಯಲ್ಲಿ ಏನಾದರೂ ತೋರಿಸಬೇಕಲ್ಲ! ಆರ್ಡುವಿನೊ ಎಂಬ ಬೋರ್ಡು ಬಳಸುವವರೆಲ್ಲ ನೆಚ್ಚಿಕೊಂಡಿರುವ ಪ್ರೋಗ್ರಾಮಿನಲ್ಲಿ ಅದಕ್ಕೆಂದು ಗೊತ್ತು ಮಾಡಿದ ಅಂಕಿ ಮೈನಸ್ 127. ಅಳತೆಗೂ ಅದಕ್ಕೂ ಸಂಬಂಧವಿಲ್ಲ, ‘ಆ ಕಡೆ ಯಾರೂ ಇಲ್ಲ’ ಎಂದಷ್ಟೇ ಅದರ ಅರ್ಥ.

85ರ ಕತೆ ಬೇರೆ. ಕರೆಂಟು ಬಂದ ಕ್ಷಣ ಚಿಪ್ಪಿನ ನೆನಪಿನ ಕೋಣೆಯಲ್ಲಿ ಕಾರ್ಖಾನೆಯವರು ತುಂಬಿಟ್ಟಿರುವ ಅಂಕಿಯೇ 85. ಅಳೆ ಎಂದು ಆಜ್ಞೆ ಕೊಟ್ಟ ಮೇಲೆ ಪೂರ್ತಿ ಸೂಕ್ಷ್ಮತೆಯಲ್ಲಿ ಅಳೆದು ಮುಗಿಸಲು ಅದಕ್ಕೆ 750 ಮಿಲಿಸೆಕೆಂಡು, ಅಂದರೆ ಮುಕ್ಕಾಲು ಸೆಕೆಂಡು ಬೇಕು. ಅಷ್ಟು ಕಾಯದೆ ಕೇಳಿದರೆ, ಇಲ್ಲವೇ ಅಳೆಯುವ ನಡುವೆ ಕರೆಂಟು ಕುಸಿದು ಚಿಪ್ಪು ಮತ್ತೆ ಮೊದಲಿಂದ ಎದ್ದುಕೊಂಡರೆ, ಸಿಗುವುದು ಆ ಹಳೇ 85. ಹಾಗಾಗಿ 85 ಕಂಡರೆ ಚಿಪ್ಪು ಬದುಕಿದೆ, ಮಾತಾಡುತ್ತಿದೆ, ಆದರೆ ಅಳೆದಿಲ್ಲ ಎಂದು ತಿಳಿಯಬೇಕು. ಎರಡು ಸುಳ್ಳು ಅಂಕಿಗಳು ಎರಡು ಬೇರೆ ರೋಗಗಳನ್ನು ಇಷ್ಟು ಸ್ಪಷ್ಟವಾಗಿ ಹೇಳುವುದು ಎಲೆಕ್ಟ್ರಾನಿಕ್ಸಿನಲ್ಲಿ ದೊಡ್ಡ ಉಪಕಾರವೇ. ಮೈನಸ್ 127 ಬಂದರೆ ವೈರು ಹುಡುಕಿ, 85 ಬಂದರೆ ವಿದ್ಯುತ್ ಪೂರೈಕೆ ಮತ್ತು ಕಾಯುವ ಸಮಯ ನೋಡಿ.

ವೈರು ಹುಡುಕುವುದೆಂದರೆ ಮೊದಲು ಸ್ಕ್ರೂಗಳು. ಒತ್ತಿ ಕೂರಿಸುವ ಜೋಡಣೆಗಳು ಒಂದೆರಡು ತಿಂಗಳಲ್ಲಿ ಸಡಿಲಾಗುತ್ತವೆ. ಆಮೇಲೆ ಹಳದಿ ಮತ್ತು ಕೆಂಪು ವೈರುಗಳ ನಡುವೆ ಇರಬೇಕಾದ 4.7 ಕಿಲೋ ಓಮ್ ರೆಸಿಸ್ಟರ್. ಅದಿಲ್ಲದಿದ್ದರೆ ಹಳದಿ ವೈರಿನ ವೋಲ್ಟೇಜು ಮೇಲೇಳುವುದಿಲ್ಲ, ಚಿಪ್ಪಿನ ಮಾತು ಬೋರ್ಡಿಗೆ ತಲುಪುವುದಿಲ್ಲ. ಬೆರಳಿಂದ ಕೊಳವೆಯನ್ನು ಮುಟ್ಟಿ ನೋಡಿ. ಸುಡುತ್ತಿದ್ದರೆ ಕೆಂಪು, ಕಪ್ಪು ಅದಲುಬದಲಾಗಿವೆ; ತಕ್ಷಣ ಕಿತ್ತರೆ ಚಿಪ್ಪು ಕೆಲವೊಮ್ಮೆ ಉಳಿಯುತ್ತದೆ. ವೈರಿನ ಬಣ್ಣವನ್ನು ಪೂರ್ತಿ ನಂಬುವಂತಿಲ್ಲ, ತಯಾರಕರು ತಮಗೆ ಸಿಕ್ಕ ಬಣ್ಣ ಹಾಕುವುದುಂಟು. ರಿಲೇ ‘ಟಕ್’ ಎಂದಾಗಲೆಲ್ಲ ಅಂಕಿ ಹಾರಿದರೆ ಸೆನ್ಸರಿನ ತಪ್ಪಿಲ್ಲ. ಹೀಟರಿನ 230 ವೋಲ್ಟ್ ವೈರಿನ ಜೊತೆಗೇ ಸೆನ್ಸರಿನ ವೈರನ್ನೂ ಸೇರಿಸಿ ಅಚ್ಚುಕಟ್ಟಾಗಿ ಟೇಪು ಸುತ್ತಿರುತ್ತಾರೆ, ಅಥವಾ ಮೊಬೈಲಿನ ಹಳೇ ಚಾರ್ಜರು ರಿಲೇಯನ್ನು ಎಳೆಯಲಾರದೆ ಏದುಸಿರು ಬಿಡುತ್ತಿರುತ್ತದೆ. ಅಚ್ಚುಕಟ್ಟು ಬೇಡ, ಎರಡು ವೈರುಗಳನ್ನೂ ದೂರ ದೂರ ಬಿಡಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಈ ಸೆನ್ಸರ್ ಕೊಳ್ಳುವಾಗಿನ ಸಂಭಾಷಣೆ ಹೆಚ್ಚುಕಮ್ಮಿ ಹೀಗಿರುತ್ತದೆ.

‘ಅಣ್ಣಾ, ಇದು ಒರಿಜಿನಲ್ಲಾ?’

‘ಎಲ್ಲಾ ಒರಿಜಿನಲ್ಲೇ ಸಾರ್. ಈ ರೇಟಿಗೆ ಇನ್ಯಾವ್ದು ಬೇಕು ನಿಮ್ಗೆ?’

ಎರಡನೇ ವಾಕ್ಯದಲ್ಲಿ ಉತ್ತರವಿದೆ. ಈ ಚಿಪ್ಪಿನ ನಕಲುಗಳು ಜಗತ್ತಿನಾದ್ಯಂತ ಹೇರಳ. ಹಲವು ನಕಲುಗಳು ಚೆನ್ನಾಗಿಯೇ ಅಳೆಯುತ್ತವೆ. ಕೆಲವು ಎರಡೇ ವೈರಿನಲ್ಲಿ ನಡೆಯುವ ವಿಧಾನದಲ್ಲಿ ಸೋಲುತ್ತವೆ, ಕೆಲವು ಹೇಳಿದ ನಿಖರತೆಗೆ ನಿಲ್ಲುವುದಿಲ್ಲ. ಕೊಳ್ಳಬೇಡಿ ಎನ್ನುವುದಿಲ್ಲ. ಕೊಂಡ ಮೇಲೆ ಪರೀಕ್ಷಿಸಿ ಎನ್ನುತ್ತೇನೆ, ಅದನ್ನು ಹೇಗೆಂದು ಮುಂದೆ ನೋಡೋಣ.

ಇನ್ನೊಂದು ಜಾತಿಯ ಸೆನ್ಸರ್ ಥರ್ಮಿಸ್ಟರ್. ರೆಡಿಮೇಡ್ ಆಗಿ ಸಿಗುವ, ಕೆಂಪು ಅಂಕಿಯ ಕಂಟ್ರೋಲರುಗಳಲ್ಲಿ ಇದೇ ಇರುತ್ತದೆ. ಇದಕ್ಕೆ ಅಂಕಿ ಗೊತ್ತಿಲ್ಲ, ಬರೀ ಬಿಸಿಯಾದಂತೆ ತನ್ನ ವಿದ್ಯುತ್ ರೋಧವನ್ನು ತಗ್ಗಿಸಿಕೊಳ್ಳುತ್ತದೆ. ಸಾಮಾನ್ಯ ಬಗೆಯದರಲ್ಲಿ 25 ಡಿಗ್ರಿಗೆ 10 ಕಿಲೋ ಓಮ್, ಸೊನ್ನೆ ಡಿಗ್ರಿಗೆ ಸುಮಾರು 33 ಕಿಲೋ ಓಮ್. ಒಂದು ಡಿಗ್ರಿ ಏರಿದರೆ ನೂರಕ್ಕೆ ನಾಲ್ಕರಷ್ಟು ಇಳಿತ. ಕೊಳವೆಯೊಳಗೆ ಹಬೆ ನುಗ್ಗಿ ತೇವವಾದರೆ ಕರೆಂಟಿಗೆ ಇನ್ನೊಂದು ಕಳ್ಳದಾರಿ ಸಿಗುತ್ತದೆ, ರೋಧ ಇಳಿಯುತ್ತದೆ, ಬೋರ್ಡು ಹಿಟ್ಟು ಇರುವುದಕ್ಕಿಂತ ಬಿಸಿಯಾಗಿದೆಯೆಂದು ತಿಳಿದು ಹೀಟರ್ ಆರಿಸುತ್ತದೆ. ನಷ್ಟ ಒಂದು ಹೊತ್ತಿನ ಇಡ್ಲಿ. ವೈರು ತುಂಡಾದರೆ ಆಗುವುದು ಅದಕ್ಕೆ ತೀರಾ ವಿರುದ್ಧ. ರೋಧ ಅನಂತಕ್ಕೆ ಏರುತ್ತದೆ, ಬೋರ್ಡಿನ ಲೆಕ್ಕದಲ್ಲಿ ಅದು ಭಯಂಕರ ಚಳಿ. ತಲೆಯಿರುವ ಕಂಟ್ರೋಲರುಗಳು ಎರಡು ಅಕ್ಷರದ ದೋಷ ಸೂಚನೆ ತೋರಿಸಿ ಎಲ್ಲ ನಿಲ್ಲಿಸುತ್ತವೆ. ಮನೆಯಲ್ಲಿ ಕೂತು ಬರೆದ ಪ್ರೋಗ್ರಾಮಿನಲ್ಲಿ ಆ ಎಚ್ಚರಿಕೆಯ ಸಾಲು ಬರೆಯದಿದ್ದರೆ ಹೀಟರ್ ಆನ್ ಆಗಿ ಆನ್ ಆಗಿಯೇ ಉಳಿಯುತ್ತದೆ. ಮೈನಸ್ 127ನ್ನು ಚಳಿಯೆಂದು ನಂಬುವ ಪ್ರೋಗ್ರಾಮೂ ಹಾಗೆಯೇ ಮಾಡುತ್ತದೆ. ಸೆನ್ಸರ್ ಕೆಡುವುದು ಸಹಜ. ಕೆಟ್ಟಾಗ ಯಂತ್ರ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಕಟ್ಟುವ ಮೊದಲೇ ಯೋಚಿಸಿರಬೇಕು.

ವೈರು, ಸ್ಕ್ರೂ, ಚಿಪ್ಪು ಎಲ್ಲ ಸರಿಯಿದ್ದೂ ಹಿಟ್ಟು ಉಬ್ಬಲಿಲ್ಲ ಎನ್ನುವವರು ಬಹಳ. ಪರದೆಯಲ್ಲಿ ರಾತ್ರಿಯಿಡೀ 30 ಇದ್ದರೂ ಬೆಳಿಗ್ಗೆ ಹಿಟ್ಟು ಹಾಕಿಟ್ಟ ಹಾಗೇ ಕೂತಿರುತ್ತದೆ. ಇಲ್ಲಿಂದ ಮುಂದಿನದು ಎಲೆಕ್ಟ್ರಾನಿಕ್ಸಲ್ಲ, ಭೌತಶಾಸ್ತ್ರ. ಯಾವ ಸೆನ್ಸರೇ ಆಗಲಿ, ಹೇಳುವುದು ತನ್ನ ಮೈಬಿಸಿಯನ್ನು. ಹಿಟ್ಟಿನ ಬಿಸಿ ಅದಕ್ಕೆ ಗೊತ್ತಿಲ್ಲ. ತನ್ನ ಮೈಬಿಸಿಯೂ ಹಿಟ್ಟಿನ ಬಿಸಿಯೂ ಒಂದೇ ಆಗುವಂತೆ ಅದನ್ನು ಕೂರಿಸುವ ಹೊಣೆ ನಮ್ಮದು.

ಪೆಟ್ಟಿಗೆಯೊಳಗೆ ಗಾಳಿಯಲ್ಲಿ ಸೆನ್ಸರ್ ನೇತುಹಾಕಿ, 40 ವ್ಯಾಟಿನ ಹಳೇ ಬಲ್ಬನ್ನು ಹೀಟರಾಗಿ ಬಳಸುವುದು ಎಲ್ಲರೂ ಮಾಡುವ ವ್ಯವಸ್ಥೆ. ಗಾಳಿ ಹಗುರ, ಕೆಲವೇ ನಿಮಿಷಗಳಲ್ಲಿ 30ಕ್ಕೆ ಬರುತ್ತದೆ, ಬಲ್ಬು ಆರುತ್ತದೆ. ಹಿಟ್ಟಿನ ಲೆಕ್ಕ ನೋಡಿ. ಮೂರು ಕಿಲೋ ಹಿಟ್ಟನ್ನು 20ರಿಂದ 30 ಡಿಗ್ರಿಗೆ ಏರಿಸಲು ಸುಮಾರು 100 ಕಿಲೋಜೂಲ್ ಶಾಖ ಬೇಕು. ಬಲ್ಬಿನ ಶಾಖವೆಲ್ಲ ಹಿಟ್ಟಿಗೇ ಹೋಯಿತೆಂದರೂ ಮುಕ್ಕಾಲು ಗಂಟೆ ಸತತವಾಗಿ ಉರಿಯಬೇಕು. ನಿಜದಲ್ಲಿ ಹೆಚ್ಚಿನ ಪಾಲು ಪೆಟ್ಟಿಗೆಯ ಗೋಡೆಗೆ ಹೋಗುತ್ತದೆ, ಬಲ್ಬೂ ಆಗಾಗ ಆರಿರುತ್ತದೆ. ಹೀಗಾಗಿ ಹಿಟ್ಟು 30 ಮುಟ್ಟುವಷ್ಟರಲ್ಲಿ ಬೆಳಗಾಗಿರುತ್ತದೆ. ಸೆನ್ಸರ್ ಗಾಳಿಯ ವಿಷಯದಲ್ಲಿ ನಿಜವನ್ನೇ ಹೇಳಿತ್ತು, ನಾವು ಕೇಳಬೇಕಿದ್ದದ್ದು ಹಿಟ್ಟಿನ ವಿಷಯ. ಬಿಯರ್ ಮಾಡುವವರಿಗೆ ಇದು ತಿರುಗುಮುರುಗು. ಅಲ್ಲಿ ಯೀಸ್ಟು ಸಕ್ಕರೆ ತಿನ್ನುತ್ತ ತಾನೇ ಶಾಖ ಹೊಮ್ಮಿಸುತ್ತದೆ, ಹುದುಗುವಿಕೆ ಜೋರಾದಾಗ ಪೀಪಾಯಿಯ ಒಳಗು ಫ್ರಿಜ್ಜಿನ ಗಾಳಿಗಿಂತ ಹಲವು ಡಿಗ್ರಿ ಬಿಸಿಯಿರಬಹುದು. ಇಬ್ಬರಿಗೂ ಔಷಧಿ ಒಂದೇ. ಸೆನ್ಸರನ್ನು ಪಾತ್ರೆಯ ಹೊರಮೈಗೆ, ಒಳಗಿನ ದ್ರವದ ಮಟ್ಟಕ್ಕಿಂತ ಕೆಳಗೆ, ಟೇಪಿನಿಂದ ಬಿಗಿದು ಅದರ ಮೇಲೆ ದಪ್ಪ ಥರ್ಮೋಕೋಲಿನ ತುಂಡನ್ನೋ ಮಡಿಸಿದ ಬಟ್ಟೆಯನ್ನೋ ಕಟ್ಟಬೇಕು. ಗಾಳಿಯ ಸಂಪರ್ಕ ಕಡಿದು ಪಾತ್ರೆಯ ಸಂಪರ್ಕ ಗಟ್ಟಿಯಾಗುತ್ತದೆ. ತುದಿ ಮುಚ್ಚಿದ ಸ್ಟೀಲ್ ಕೊಳವೆಯನ್ನು ಹಿಟ್ಟಿಗೇ ಇಳಿಬಿಟ್ಟು ಅದರೊಳಗೆ ಸೆನ್ಸರ್ ಇಟ್ಟರೆ ಇನ್ನೂ ವಾಸಿ. ಹಿಟ್ಟು ಉಬ್ಬಿ ಬರುತ್ತದೆ ಎಂಬುದು ನೆನಪಿರಲಿ, ಕೊಳವೆಯ ಬಾಯಿ ಎತ್ತರದಲ್ಲಿರಲಿ.

ಬಲ್ಬು ಇನ್ನೊಂದು ಕಿತಾಪತಿಯನ್ನೂ ಮಾಡುತ್ತದೆ. ಅದರ ಕಿರಣಗಳು ನೇರವಾಗಿ ಬಿದ್ದರೆ ಸೆನ್ಸರಿನ ಲೋಹದ ಮೈ ಸುತ್ತಲಿನ ಗಾಳಿಗಿಂತ ಬಿಸಿಯಾಗುತ್ತದೆ. ಹವಾಮಾನ ಇಲಾಖೆಯವರಿಗೆ ಇದು ಹಳೆಯ ತಲೆನೋವು. ಜಿಕೆವಿಕೆಯಂಥ ಕಡೆ ಹವಾಮಾನ ಕೇಂದ್ರದ ಬಯಲಿನಲ್ಲಿ ಕಾಲುಗಳ ಮೇಲೆ ನಿಂತ, ಬಿಳಿ ಬಣ್ಣ ಬಳಿದ, ಪಟ್ಟಿಪಟ್ಟಿಯ ಮರದ ಪೆಟ್ಟಿಗೆಯನ್ನು ನೀವು ಕಂಡಿರಬಹುದು. ಥರ್ಮಾಮೀಟರು ಅದರೊಳಗಿರುತ್ತದೆ. ಬಿಸಿಲು ನೇರ ಬೀಳಬಾರದು, ಗಾಳಿ ಮಾತ್ರ ಸಲೀಸಾಗಿ ಆಡಬೇಕು, ಅದಕ್ಕೇ ಆ ಪಟ್ಟಿಗಳು. ಅದನ್ನು ರೂಪಿಸಿದವರು ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್, ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ನರ ತಂದೆ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾದದ್ದು ಇಂಥ ನೆರಳಿನ ಅಳತೆ. ಅದೇ ದಿನ ಕಾರಿನ ಡ್ಯಾಶ್‌ಬೋರ್ಡಿನ ಅಂಕಿಯ ಫೋಟೋ ಹಾಕಿ ‘ಸರ್ಕಾರದವರು ಕಡಿಮೆ ಹೇಳುತ್ತಿದ್ದಾರೆ’ ಎಂದವರಿದ್ದರೆ ಅವರು ಅಳೆದದ್ದು ಕಾರಿನ ಬಿಸಿಯನ್ನು. ನಮ್ಮ ಹಿಟ್ಟಿನ ಪೆಟ್ಟಿಗೆಗೆ ಮರದ ಪಟ್ಟಿ ಬೇಕಿಲ್ಲ. ಬಲ್ಬಿಗೂ ಸೆನ್ಸರಿಗೂ ನಡುವೆ ಒಂದು ರಟ್ಟು ನಿಲ್ಲಿಸಿದರೆ ಆಯಿತು.

ಸೆನ್ಸರನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಯ ಗಾಂಭೀರ್ಯ ಗೊತ್ತಾಗಬೇಕಾದರೆ ಡೇರಿಯ ಒಳಗೆ ನೋಡಬೇಕು. ಯಲಹಂಕದಲ್ಲಿ ಕೆಎಂಎಫ್‌ನ ಮದರ್ ಡೇರಿ ಇದೆ. ಅಂಥ ಯಾವುದೇ ದೊಡ್ಡ ಡೇರಿಯಲ್ಲಿ ಹಾಲನ್ನು ಸುಮಾರು 72 ಡಿಗ್ರಿಗೆ ಕಾಯಿಸಿ, ಕನಿಷ್ಠ 15 ಸೆಕೆಂಡು ಅದೇ ಬಿಸಿಯಲ್ಲಿ ಉದ್ದನೆಯ ಕೊಳವೆಯೊಂದರಲ್ಲಿ ಹರಿಸುತ್ತಾರೆ. ನಿರ್ಣಾಯಕ ಸೆನ್ಸರ್ ಇರುವುದು ಕಾಯಿಸುವ ಜಾಗದಲ್ಲಲ್ಲ, ಆ ಕೊಳವೆಯ ಕೊನೆಯಲ್ಲಿ. ದಾರಿಯುದ್ದಕ್ಕೂ ಬಿಸಿ ಉಳಿದಿತ್ತೇ ಎಂಬುದಕ್ಕೆ ಅಲ್ಲಿ ಮಾತ್ರ ಸಾಕ್ಷಿ ಸಿಗುತ್ತದೆ. ಬಿಸಿ ಕಮ್ಮಿಯೆಂದು ಕಂಡರೆ ವಾಲ್ವು ತಿರುಗಿ ಹಾಲು ಮತ್ತೆ ಹಿಂದಕ್ಕೆ ಹೋಗುತ್ತದೆ, ಪ್ಯಾಕೆಟ್ಟಿಗೆ ಹೋಗುವುದಿಲ್ಲ. ಕರೆಂಟೋ ಗಾಳಿಯ ಒತ್ತಡವೋ ಕೈಕೊಟ್ಟರೂ ಆ ವಾಲ್ವು ತಾನಾಗಿ ಹಿಂದಕ್ಕೇ ವಾಲುವಂತೆ ಮಾಡಿರುತ್ತಾರೆ. ಹಿಂದೆ ಹೇಳಿದ ‘ಕೆಟ್ಟಾಗ ಯಾವ ಕಡೆಗೆ’ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ. ಅದೇ ಯಲಹಂಕದಲ್ಲಿ 1984ರಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆಯೂ ಇದೆ, ಉಕ್ಕು ಕರಗಿಸಿ ಎರಕ ಹೊಯ್ದು ಗಾಲಿ ಮಾಡುವ ಜಾಗ. ಕರಗಿದ ಉಕ್ಕಿನ ಬಿಸಿ 1,600 ಡಿಗ್ರಿಯ ಆಸುಪಾಸು. ಉಕ್ಕಿನ ಉದ್ಯಮದಲ್ಲಿ ಅದನ್ನು ಅಳೆಯಲು ರಟ್ಟಿನ ಕೊಳವೆಯ ತುದಿಗೆ ಪ್ಲಾಟಿನಮ್‌ನ ಎಳೆಗಳಿರುವ ಸೆನ್ಸರ್ ಸಿಕ್ಕಿಸಿ ಅದ್ದುತ್ತಾರೆ. ಕೆಲವು ಸೆಕೆಂಡು ಬದುಕಿ ಉಷ್ಣತೆ ಹೇಳಿ ಅದು ಸಾಯುತ್ತದೆ. ಇಡ್ಲಿ ಹಿಟ್ಟಿನ ಸೆನ್ಸರಿಗೆ ಅಂಥ ವೀರಮರಣ ಬೇಡ. ಆದರೆ ನೀರಿನಲ್ಲಿ ಕೆಲವೇ ಸೆಕೆಂಡಿನಲ್ಲಿ ಹೊಂದಿಕೊಳ್ಳುವ ಸ್ಟೀಲ್ ಕೊಳವೆಗೆ ನಿಂತ ಗಾಳಿಯಲ್ಲಿ ನಿಮಿಷಗಳೇ ಬೇಕು ಎಂಬುದನ್ನು ಮರೆಯಬಾರದು.

ಈಗ ಈ ಅಧ್ಯಾಯಕ್ಕೆ ಹೆಸರು ಕೊಟ್ಟ ಪೇಚಾಟ. ಸೆನ್ಸರ್ ಸರಿಯೋ ತಪ್ಪೋ ನೋಡಲು ಕುದಿಯುವ ನೀರಿಗೆ ಅದ್ದಿ, 100 ತೋರಿಸಬೇಕು ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಸಹಕಾರನಗರದಲ್ಲೋ ಯಶವಂತಪುರದಲ್ಲೋ ಅದ್ದಿದರೆ 97 ಬರುತ್ತದೆ. ಕೈಪಿಡಿ ನಂಬಿದವರು ಕಂಟ್ರೋಲರಿನ ಸೆಟ್ಟಿಂಗಿಗೆ ಹೋಗಿ ಮೂರು ಡಿಗ್ರಿ ಕೂಡಿಸಿಬಿಡುತ್ತಾರೆ. ಅಲ್ಲಿಂದ ಮುಂದೆ ಪರದೆ 30 ಎಂದಾಗಲೆಲ್ಲ ಹಿಟ್ಟು 27ರಲ್ಲಿರುತ್ತದೆ. ಸರಿಯಿದ್ದ ಸೆನ್ಸರನ್ನು ಕೆಡಿಸಿದ್ದು ತಿದ್ದುಪಡಿ.

ಸೆನ್ಸರ್ 97 ಎಂದದ್ದೇ ಸರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮೇಲಿನ ಗಾಳಿಯ ಭಾರ ಅಷ್ಟು ಕಡಿಮೆ. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡ 1013 ಹೆಕ್ಟೋಪ್ಯಾಸ್ಕಲ್ಲಿನ ಸುತ್ತಮುತ್ತ ಇದ್ದರೆ ಇಲ್ಲಿ 910ರ ಸುತ್ತಮುತ್ತ. ನೀರಿನ ಆವಿಯ ಒತ್ತಡ ಹೊರಗಿನ ಒತ್ತಡಕ್ಕೆ ಸಮನಾದಾಗ ನೀರು ಕುದಿಯುತ್ತದೆ, ಇಲ್ಲಿ ಅದು 97ಕ್ಕೇ ಸಮನಾಗಿಬಿಡುತ್ತದೆ. ಪ್ರತಿ 300 ಮೀಟರಿಗೆ ಸರಿಸುಮಾರು ಒಂದು ಡಿಗ್ರಿ ಇಳಿಕೆ ಎಂದು ಲೆಕ್ಕವಿಟ್ಟುಕೊಳ್ಳಬಹುದು. ಯಲಹಂಕದಿಂದ ಭಾನುವಾರ ಬೆಳಿಗ್ಗೆ ಜನ ಓಡುವ ನಂದಿಬೆಟ್ಟ 1,478 ಮೀಟರ್, ಅಲ್ಲಿ ನೀರು 95ಕ್ಕೆ ಕುದಿಯುತ್ತದೆ. ಕಾಸರಗೋಡಿನ ಕಡಲತೀರದಲ್ಲಿ ಮಾತ್ರ ಕೈಪಿಡಿಯ 100. ತೊಗರಿಬೇಳೆ ಬೇಯಲು ಬೆಂಗಳೂರಿನಲ್ಲಿ ಕುಕ್ಕರಿನ ಉಪಕಾರ ಕರಾವಳಿಗಿಂತ ಹೆಚ್ಚು ಬೇಕಾಗುವುದು ಇದೇ ಕಾರಣಕ್ಕೆ.

ಇದನ್ನು ಬಲ್ಲವರೂ ಬೀಳುವ ಇನ್ನೊಂದು ಹಳ್ಳವಿದೆ. ಒತ್ತಡ ಎಷ್ಟಿದೆ ನೋಡೋಣ ಎಂದು ಮೊಬೈಲಿನ ಹವಾಮಾನ ಆ್ಯಪ್ ತೆರೆದರೆ ಅಲ್ಲಿ ಬೆಂಗಳೂರಿಗೆ 1013, 1015 ಎಂದು ಇರುತ್ತದೆ! ಹಾಗಾದರೆ 100ಕ್ಕೇ ಕುದಿಯಬೇಕಲ್ಲ? ಆ ಅಂಕಿ ಬೆಂಗಳೂರಿನ ನಿಜವಾದ ಒತ್ತಡವಲ್ಲ. ಊರೂರಿನ ಎತ್ತರದ ವ್ಯತ್ಯಾಸ ಕಳೆದು, ಎಲ್ಲವನ್ನೂ ಸಮುದ್ರಮಟ್ಟಕ್ಕೆ ಇಳಿಸಿದಂತೆ ಲೆಕ್ಕಹಾಕಿ ಕೊಡುವ ಒತ್ತಡ ಅದು. ಹಾಗೆ ಮಾಡದಿದ್ದರೆ ಹವಾಮಾನದ ನಕ್ಷೆಯಲ್ಲಿ ಪ್ರತಿ ಬೆಟ್ಟವೂ ಒಂದೊಂದು ಚಂಡಮಾರುತದಂತೆ ಕಾಣುತ್ತಿತ್ತು. ನಿಜವಾದ ಒತ್ತಡ ಬೇಕಿದ್ದರೆ ವಾಯುಭಾರ ಅಳೆಯುವ ಚಿಪ್ಪಿರುವ ಫೋನು ತೋರಿಸುತ್ತದೆ. ಎಸ್.ಪಿ. ರಸ್ತೆಯಲ್ಲೂ ಅಂಥ ಪುಟ್ಟ ಬೋರ್ಡು ಸಿಗುತ್ತದೆ. ದಿನದಿಂದ ದಿನಕ್ಕೆ ಆಗುವ ಏರುಪೇರಿನಿಂದ ಕುದಿಬಿಂದು ಬದಲಾಗುವುದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು, ಇಡ್ಲಿಗೆ ಅದರ ಗೊಡವೆ ಬೇಡ.

ಈ ಮೂರು ಡಿಗ್ರಿಯ ಕೊರತೆ ಒಂದು ಕಾಲದಲ್ಲಿ ಉಪಕರಣವೇ ಆಗಿತ್ತು. 19ನೇ ಶತಮಾನದಲ್ಲಿ ಬೆಟ್ಟ ಹತ್ತುತ್ತಿದ್ದ ಸರ್ವೇದಾರರು, ಸಸ್ಯಶಾಸ್ತ್ರಜ್ಞರು ಸೂಕ್ಷ್ಮ ಥರ್ಮಾಮೀಟರನ್ನೂ ಪುಟ್ಟ ಒಲೆಯನ್ನೂ ಹೊತ್ತೊಯ್ದು, ನೀರು ಎಷ್ಟಕ್ಕೆ ಕುದಿಯಿತು ಎಂಬುದರಿಂದ ತಾವೆಷ್ಟು ಎತ್ತರದಲ್ಲಿದ್ದೇವೆ ಎಂದು ಲೆಕ್ಕ ಹಾಕುತ್ತಿದ್ದರು. ಜೋಸೆಫ್ ಹೂಕರ್ 1848ರಿಂದ ಹಿಮಾಲಯ ಸುತ್ತಿದಾಗ ಮಾಡಿದ್ದು ಅದನ್ನೇ. ನಿಮ್ಮ ಸೆನ್ಸರ್ ಯಲಹಂಕದಲ್ಲಿ 97 ತೋರಿಸಿತೆಂದರೆ ಅದು ಊರಿನ ಎತ್ತರವನ್ನೂ ಅಳೆದಂತೆ.

ಅಳತೆಯನ್ನು ಒರೆಗೆ ಹಚ್ಚಲು ಕುದಿಯುವ ನೀರಿಗಿಂತ ಕರಗುವ ಮಂಜುಗಡ್ಡೆ ವಾಸಿ. ಅದಕ್ಕೆ ಎತ್ತರದ ಹಂಗಿಲ್ಲ, ಯಲಹಂಕದಲ್ಲೂ ಕಾಸರಗೋಡಿನಲ್ಲೂ ಸೊನ್ನೆಯೇ. ಇಲ್ಲೂ ತಪ್ಪುವ ದಾರಿಯಿದೆ. ಲೋಟದ ತುಂಬ ನೀರು ಹಾಕಿ ಮೇಲೆ ನಾಲ್ಕು ಐಸ್ ತುಂಡು ತೇಲಿಬಿಟ್ಟು, ಸೆನ್ಸರನ್ನು ತಳಕ್ಕೆ ಇಳಿಸಿದರೆ ಮೂರು, ನಾಲ್ಕು ಡಿಗ್ರಿ ತೋರಿಸಬಹುದು. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ, ಆ ಭಾರದ ನೀರು ತಳ ಸೇರಿ ಕೂರುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಜಜ್ಜಿ, ಫ್ಲಾಸ್ಕಿನ ತುಂಬ ಪುಡಿ ತುಂಬಿ, ಸಂದು ತುಂಬುವಷ್ಟೇ ತಣ್ಣೀರು ಹೊಯ್ದು, ಸೆನ್ಸರನ್ನು ನಡುವೆ ಇಟ್ಟು ಕಲಕುತ್ತಿರಬೇಕು. ಹತ್ತು ನಿಮಿಷದಲ್ಲಿ ಅಂಕಿ ನಿಲ್ಲುತ್ತದೆ. ಡಿಎಸ್18ಬಿ20 ಚಿಪ್ಪಿನ ತಯಾರಕರು ಕೊಡುವ ಭರವಸೆ ಅರ್ಧ ಡಿಗ್ರಿ ಹೆಚ್ಚುಕಮ್ಮಿ. ಮೈನಸ್ 0.5ರಿಂದ 0.5ರೊಳಗೆ ಏನೇ ಬಂದರೂ ಸೆನ್ಸರ್ ಕೊಟ್ಟ ಮಾತಿಗೆ ತಪ್ಪಿಲ್ಲ. ಒಂದೇ ನೀರಿನಲ್ಲಿ ಅದ್ದಿದ ಎರಡು ಒಳ್ಳೆಯ ಸೆನ್ಸರುಗಳು ಒಂದು ಡಿಗ್ರಿಯಷ್ಟು ಭಿನ್ನವಾಗಿ ಹೇಳಬಹುದು, ಎರಡೂ ನಿರಪರಾಧಿಗಳು. 26.4375 ಎಂಬ ಅಂಕಿಯ ನಾಲ್ಕು ದಶಾಂಶ ಸ್ಥಾನಗಳು ಬರುವುದು ಚಿಪ್ಪು ಒಂದು ಡಿಗ್ರಿಯನ್ನು 16 ಭಾಗ ಮಾಡಿ ಎಣಿಸುವುದರಿಂದ. ಎಣಿಸುವ ಸೂಕ್ಷ್ಮತೆಯೇ ಬೇರೆ, ನಿಜಕ್ಕೆ ಹತ್ತಿರವಿರುವುದೇ ಬೇರೆ. ಪರದೆಯಲ್ಲಿ ಒಂದು ದಶಾಂಶ ಸಾಕು, ಉಳಿದದ್ದನ್ನು ಪ್ರೋಗ್ರಾಮಿನಲ್ಲೇ ಕತ್ತರಿಸಿ.

ಸೊನ್ನೆಯಲ್ಲಿ ಸರಿಯಿದ್ದದ್ದು 40ರಲ್ಲೂ ಸರಿಯಿರುತ್ತದೆಂಬ ಖಾತ್ರಿಯಿಲ್ಲ, ಮುಖ್ಯವಾಗಿ ಥರ್ಮಿಸ್ಟರಿನಲ್ಲಿ. ಮೊಸರಿಗೆ ನಮಗೆ ಬೇಕಿರುವುದು 40ರ ಹತ್ತಿರದ ನಿಖರತೆ. ಅದಕ್ಕೆ ಬೇಕಾದ ಪ್ರಮಾಣ ಹೆಚ್ಚಿನ ಮನೆಗಳ ಔಷಧಿ ಡಬ್ಬಿಯಲ್ಲಿದೆ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರು ತನ್ನ ಚಿಕ್ಕ ವ್ಯಾಪ್ತಿಯಲ್ಲಿ 0.1 ಡಿಗ್ರಿಯವರೆಗೆ ನಂಬಿಕಸ್ಥ, ಕಂಟ್ರೋಲರಿನ ಸೆನ್ಸರಿಗಿಂತ ಐದು ಪಟ್ಟು ವಾಸಿ. ಫ್ಲಾಸ್ಕಿನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಎರಡನ್ನೂ ರಬ್ಬರ್ ಬ್ಯಾಂಡಿನಿಂದ ತುದಿಗೆ ತುದಿ ಸೇರಿಸಿ ಕಟ್ಟಿ, ಕಲಕುತ್ತ ಓದಿಕೊಳ್ಳಿ. ನೀರು 41 ಮೀರದಿರಲಿ. ಜ್ವರದ ಥರ್ಮಾಮೀಟರು ಕಂಡ ಗರಿಷ್ಠ ಅಂಕಿಯನ್ನೇ ಹಿಡಿದುಕೊಳ್ಳುತ್ತದೆ, ಆದ್ದರಿಂದ ಪ್ರತಿ ಸಲ ಆರಿಸಿ ಹೊಸದಾಗಿ ಹಚ್ಚಬೇಕು. ಸೆಟ್ಟಿಂಗಿನಲ್ಲಿ ಕೂಡಿಸುವ ಕಳೆಯುವ ಕೆಲಸವೇನಿದ್ದರೂ ಈ ಅಳತೆಯ ಮೇಲೆ ನಡೆಯಲಿ, ಮೊಸರಿನ ಸೆನ್ಸರನ್ನು ಮೊಸರಿನ ಬಿಸಿಯಲ್ಲೇ ತಿದ್ದಬೇಕು.

ಇಷ್ಟೆಲ್ಲ ಕಸರತ್ತು ಹವ್ಯಾಸಿಗಳ ಗೀಳು ಎನಿಸಿದರೆ ಜೇಮ್ಸ್ ಪ್ರೆಸ್ಕಾಟ್ ಜೂಲ್ ಅವರನ್ನು ನೆನೆಯಬೇಕು. ನಾವು ಮೇಲೆ ಹಿಟ್ಟಿನ ಲೆಕ್ಕಕ್ಕೆ ಬಳಸಿದ ‘ಜೂಲ್’ ಅವರ ಹೆಸರೇ. ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ 1818ರಲ್ಲಿ ಹುಟ್ಟಿದ ಅವರ ಮನೆತನದ ಕಸುಬು ಬಿಯರ್ ತಯಾರಿಕೆ. ಅವರು ಪ್ರಯೋಗಕ್ಕಿಳಿಯುವ ಹೊತ್ತಿಗೆ ಬಿಯರಿನವರಿಗೆ ಥರ್ಮಾಮೀಟರ್ ಪರಿಚಯವಾಗಿ ಮುಕ್ಕಾಲು ಶತಮಾನವಾಗಿತ್ತು. ಲಂಡನ್ನಿನ ಮೈಕೆಲ್ ಕೋಂಬ್ರೂನ್ 1762ರಷ್ಟು ಹಿಂದೆಯೇ ಥರ್ಮಾಮೀಟರ್ ಹಿಡಿದು ಬಿಯರ್ ಮಾಡುವ ಬಗ್ಗೆ ಪುಸ್ತಕ ಬರೆದಿದ್ದರು. ಜೂಲ್ 1840ರ ದಶಕದಲ್ಲಿ, ನೀರನ್ನು ಹುಟ್ಟುಗಳಿಂದ ಕಡೆದರೆ ಅದು ಬಿಸಿಯಾಗುತ್ತದೆ, ಇಷ್ಟು ಕೆಲಸಕ್ಕೆ ಇಷ್ಟೇ ಶಾಖ ಎಂದು ಅಳೆದು ತೋರಿಸಿದರು. ಏರಿಕೆ ಅತ್ಯಲ್ಪ. ಒಂದು ಡಿಗ್ರಿ ಫ್ಯಾರನ್‌ಹೀಟಿನ 200ನೇ ಒಂದು ಭಾಗವನ್ನೂ ಓದಬಲ್ಲೆ ಎಂಬ ಅವರ ಮಾತನ್ನು ವಿದ್ವಾಂಸರು ಸುಲಭಕ್ಕೆ ನಂಬಲಿಲ್ಲ. ಅವರ ಬಳಿ ಜಾನ್ ಬೆಂಜಮಿನ್ ಡ್ಯಾನ್ಸರ್ ಮಾಡಿಕೊಟ್ಟ ಸೂಕ್ಷ್ಮ ಥರ್ಮಾಮೀಟರುಗಳಿದ್ದವು, ಕೋಣೆಯ ಗಾಳಿ, ತಮ್ಮದೇ ಮೈಯ ಕಾವು ಅಳತೆಯನ್ನು ಹೇಗೆ ಕೆಡಿಸುತ್ತದೆ ಎಂಬ ಬಿಯರ್ ಕಾರ್ಖಾನೆಯ ಅನುಭವವಿತ್ತು. ಶಕ್ತಿಯ ನಿತ್ಯತೆಯ ನಿಯಮ ನೆಲೆನಿಂತದ್ದರಲ್ಲಿ ಆ ಎಚ್ಚರದ ಪಾಲು ದೊಡ್ಡದು.

ಕೊನೆಯದಾಗಿ ಒಂದು ಕೋರಿಕೆ. ಸೆನ್ಸರ್ ಎಷ್ಟೇ ಒಳ್ಳೆಯದಿರಲಿ, ಪ್ರೋಗ್ರಾಮು ಎಷ್ಟೇ ಜಾಣತನದ್ದಿರಲಿ, ಹೀಟರಿಗೆ ಹೋಗುವ ವೈರಿನ ನಡುವೆ ಒಂದು ಥರ್ಮಲ್ ಫ್ಯೂಸ್ ಹಾಕಿಸಿ. ಪೆಟ್ಟಿಗೆಯೊಳಗೆ 70 ಚಿಲ್ಲರೆ ಡಿಗ್ರಿ ದಾಟಿದರೆ ಅದು ತಾನೇ ಕಡಿದುಕೊಳ್ಳುತ್ತದೆ, ಯಾವ ಚಿಪ್ಪನ್ನೂ ಕೇಳುವುದಿಲ್ಲ. ರಿಲೇಯ ಲೋಹದ ತುದಿಗಳು ಬೆಸೆದುಕೊಂಡು ಆಫ್ ಆಗದೆ ಉಳಿದಾಗ, ಪರದೆಯ ಅಂಕಿ ಸರಿಯಿದ್ದರೂ ಉಪಯೋಗವಿಲ್ಲದಾಗ, ಕಾಪಾಡುವುದು ಅದೊಂದೇ. ಬೆಲೆ ದರ್ಶಿನಿಯ ಒಂದು ಮಸಾಲೆ ದೋಸೆಗಿಂತ ಕಡಿಮೆ. 230 ವೋಲ್ಟಿನ ಆ ಜೋಡಣೆಯನ್ನು ಮಾತ್ರ ನೀವೇ ಮಾಡಬೇಡಿ, ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.